ಪುಕ್ಕಲಿಯ ಮನೆಯ ಬಿಸಿನೀರು

ಡಿಸೆಂಬರ್ 9, ಭಾನುವಾರ

ಪ್ರೀತಿಯ ಅಕ್ಕನಿಗೆ,

ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬಿಸಿನೀರಿಗೆ ಗ್ಯಾಸ್ ಗೀಸರ್ ಹಾಕಿಸಲೋ ಕರೆಂಟಿನದೋ ಎಂದು ನೀನು ಕೇಳಿದ್ದೆ. ನಮ್ಮ ಮನೆಯಲ್ಲೇ ಅದು ತೀರ್ಮಾನವಾಗಿರಲಿಲ್ಲ, ನಿನಗೇನು ಬರೆಯಲಿ ಎಂದು ಸುಮ್ಮನಿದ್ದೆ. ಈಗ ಹಾಕಿಸಿಯೂ ಆಯಿತು, ಆ ನೀರಿನಲ್ಲಿ ಮಿಂದೂ ಆಯಿತು. ಇನ್ನು ಗಟ್ಟಿಯಾಗಿ ಹೇಳಬಲ್ಲೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗುವಿಗೆ ಕೆಳಗಿನ ಹಲ್ಲೊಂದು ಮೂಡಿದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳು ಕೊಟ್ಟವರಿಗೆ ಗೊತ್ತಾಗುತ್ತದೆ.

ನೀರು ತುಂಬಿಟ್ಟುಕೊಂಡು ಕಾಯಿಸುತ್ತಿದ್ದ ನಮ್ಮ ಹಳೆಯ ಗೀಸರ್ ತುಕ್ಕು ಹಿಡಿದು ಸೋರತೊಡಗಿತ್ತು. ಈ ಸಲ ಟ್ಯಾಂಕಿಲ್ಲದ್ದು, ನಲ್ಲಿ ತಿರುಗಿಸಿದ ಕೂಡಲೇ ಕಾಯಿಸಿ ಕೊಡುವಂಥದ್ದು ತರೋಣವೆಂದು ಇವರು, ಅತ್ತೆ, ನಾನು ಅಂಗಡಿಗೆ ಹೋದೆವು. ಇವರ ಮನಸ್ಸೆಲ್ಲ ಗ್ಯಾಸಿನದರ ಮೇಲೆ. ಪ್ರೆಸ್ಸಿನಿಂದ ಮೊಣಕೈವರೆಗೆ ಮಸಿ ಮಾಡಿಕೊಂಡು ಬರುವವರಿಗೆ ನೀರು ಧೋ ಎಂದು ಬೀಳಬೇಕು. ಅದರಲ್ಲಿ ಹಾಗೇ ಬೀಳುತ್ತದೆ, ಕರೆಂಟು ಹೋದರೂ ನಿಲ್ಲುವುದಿಲ್ಲ.

ಅಂಗಡಿಯವರು ಮುಚ್ಚುಮರೆ ಇಲ್ಲದೆ ಹೇಳಿದರು. “ಗ್ಯಾಸಿಂದು ಬಚ್ಚಲೊಳಗೆ ಬೇಡವೇ ಬೇಡ. ಉರಿದ ಗಾಳಿ ಒಳಗೇ ನಿಂತ್ರೆ ಪ್ರಾಣಕ್ಕೆ ಕುತ್ತು. ಹೊರಗಡೆ, ಗಾಳಿ ಆಡೋ ಕಡೆ ಹಾಕಿ.”

“ಅಡುಗೆಮನೆ ಆಚೆ ಬಾಲ್ಕನಿ ಇದೆಯಲ್ಲ” ಎಂದರು ಇವರು.

“ಗ್ಯಾಸು ಸೋರಿದ್ರೆ?” ಎಂದರು ಅತ್ತೆ.

“ಮೂಗು ಇರೋದು ಯಾಕಮ್ಮಾ? ಒಂಚೂರು ಸೋರಿದ್ರೂ ಮನೆಯೆಲ್ಲ ನಾರುತ್ತೆ” ಎಂದರು ಅಂಗಡಿಯವರು.

ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡುವ ಅತ್ತೆ ಆಮೇಲೆ ಬೆಲೆಯನ್ನೂ ಕೇಳಲಿಲ್ಲ. ದಾರಿಯಲ್ಲಿ ಮಗನಿಗೆ ಮಾತ್ರ, “ಗ್ಯಾಸಿಂದೇ ಹಾಕ್ಸೋ, ನಿನಗೆ ಅದೇ ಇಷ್ಟ ಅಲ್ವಾ” ಎಂದರು.

ಮಾರನೆಯ ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಹರವಿ ಬಂದೆ. ಅಡುಗೆಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಗ್ಯಾಸಿನ ವಾಸನೆ ಮುಖಕ್ಕೆ ರಾಚಿತು. ಗಾಳಿಗೆ ಒಲೆ ಆರಿತ್ತು. ಅತ್ತೆ ಅದರ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದರು. ನಾನು ಓಡಿಹೋಗಿ ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆದು, ಅವರ ಕೈಹಿಡಿದು ಬಾಲ್ಕನಿಗೆ ಎಳೆದುಕೊಂಡು ಬಂದೆ. ಬಟಾಣಿ ತಟ್ಟೆಯನ್ನು ಅವರು ಬಿಟ್ಟಿರಲಿಲ್ಲ.

“ನಿಮಗೆ ವಾಸನೆ ಬರಲಿಲ್ವಾ ಅತ್ತೆ?”

“ನೆಗಡಿ ಕಣೇ.”

ನೆಗಡಿಯಾದವರ ದನಿ ಅದಲ್ಲ. ನಾನು ಏನೂ ಹೇಳದೆ ನಿಂತೆ. ನನ್ನ ಮೌನ ನಿನಗೆ ಗೊತ್ತಲ್ಲ, ಎದುರಿಗಿದ್ದವರೇ ಬೇಸತ್ತು ಬಾಯಿ ಬಿಡಬೇಕು.

“ಹೋದ ವರ್ಷ ಜ್ವರ ಬಂತಲ್ಲ, ನಿನ್ನ ಹೆರಿಗೆಗೆ ಮುಂಚೆ. ಅವತ್ತಿಂದ ಏನೂ ಬರಲ್ಲ. ಸುಟ್ಟಿದ್ದೂ ಬರಲ್ಲ, ಹಳಸಿದ್ದೂ ಬರಲ್ಲ. ಅವನಿಗೆ ಹೇಳ್ಬೇಡ. ಹೇಳಿದ್ರೆ ಅಡುಗೆಮನೆಗೆ ಕಾಲಿಡೋಕೆ ಬಿಡಲ್ಲ, ಮೂಲೇಲಿ ಕೂರಿಸಿ ತಟ್ಟೆ ತಂದು ಇಡ್ತಾನೆ.”

“ಹೇಳಲ್ಲ. ಆದ್ರೆ ಇನ್ನೊಂದು ಗ್ಯಾಸ್ ಪೈಪು ಈ ಮನೆಗೆ ಬೇಡ.”

“ಬೇಡ ಅಂತ ಯಾರು ಹೇಳೋರು? ನೀನಾ? ನೀನು ಬಾಯಿ ತೆರೆಯೋದೇ ಆಕಳಿಸೋಕೆ.”

ಆ ರಾತ್ರಿ ಊಟಕ್ಕೆ ಕೂತಾಗ ತೆರೆದೆ. “ನನಗೆ ಗ್ಯಾಸ್ ಅಂದ್ರೆ ಭಯ. ಗೀಸರ್ ಕರೆಂಟಿಂದೇ ಬೇಕು” ಎಂದೆ.

ಇವರ ಕೈ ತಟ್ಟೆಯಲ್ಲೇ ನಿಂತಿತು. “ದಿನಾ ಒಲೆ ಹಚ್ಚೋವಾಗ ಇಲ್ಲದ ಭಯ ಈಗೆಲ್ಲಿಂದ ಬಂತು?”

“ಇತ್ತು, ಹೇಳಿರಲಿಲ್ಲ. ಗ್ಯಾಸ್ ಸೋರಿದ್ರೆ ಕೂಗೋ ಡಬ್ಬಿ ಬರುತ್ತಂತೆ. ಒಲೆ ಹತ್ರ ಗೋಡೆಗೆ ಅದೂ ಬೇಕು.”

“ಮತ್ತೇನು ಬೇಕು ಪುಕ್ಕಲಿಗೆ? ಬಾಗಿಲಿಗೊಬ್ಬ ಪೊಲೀಸು?”

ಅತ್ತೆ ತಟ್ಟೆಯಿಂದ ತಲೆಯೆತ್ತದೆ, “ಅವಳು ಹೇಳಿದ ಹಾಗೆ ಮಾಡೋ” ಎಂದರು.

ಅಂದಿನಿಂದ ಈ ಮನೆಯಲ್ಲಿ ನನ್ನ ಹೆಸರು ಪುಕ್ಕಲಿ. ಕರೆದರೆ ಓಗೊಡುತ್ತೇನೆ. ಕೂಗುವ ಡಬ್ಬಿ ಬಂದಿದೆ, ನೆಲದ ಹತ್ತಿರ ಹಾಕಿದ್ದಾರೆ, ಸಿಲಿಂಡರಿನ ಗ್ಯಾಸು ತಳದಲ್ಲೇ ಸುಳಿಯುತ್ತದಂತೆ. ಅತ್ತೆ ಎಂದಿನ ಹಾಗೆ ಅಡುಗೆ ಮಾಡುತ್ತಾರೆ. ಹಾಲು ಹಳಸಿದೆಯೋ ಎಂದು ನೋಡಬೇಕಾದಾಗ ಲೋಟವನ್ನು ಸದ್ದಿಲ್ಲದೆ ನನ್ನ ಕಡೆ ಸರಿಸುತ್ತಾರೆ. ನಾನು ಮೂಸಿ ತಲೆಯಾಡಿಸುತ್ತೇನೆ, ಅಷ್ಟೆ. ಇದು ನಿನ್ನಲ್ಲೇ ಇರಲಿ. ಇಲ್ಲಿಗೆ ಬಂದಾಗಲೂ ಏನೂ ಗೊತ್ತಿಲ್ಲದ ಹಾಗಿರು.

ಇನ್ನು ನಿನ್ನ ಪ್ರಶ್ನೆ. ಕರೆಂಟಿನದು ಹಾಕಿಸುವುದಾದರೆ ಮೀಟರಿನಿಂದ ಅದಕ್ಕೇ ಬೇರೆ ದಪ್ಪ ತಂತಿ ಎಳೆಸು. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸು. ಹಳೆಯ ತಂತಿಗೇ ಸಿಕ್ಕಿಸಿದರೆ ಅದು ಕಾದು ಸುಡುತ್ತದೆ. ನೀರು ಧಾರಾಳವಾಗಿ ಬೀಳುವುದಿಲ್ಲ, ಚಳಿಗಾಲದಲ್ಲಿ ನಲ್ಲಿಯನ್ನು ಸಣ್ಣಗೆ ಬಿಡಬೇಕು. “ಬಕೆಟ್ ತುಂಬೋದ್ರೊಳಗೆ ಗಡ್ಡ ಬೆಳೆಯುತ್ತೆ” ಎಂದು ಇವರು ಗೊಣಗುತ್ತಾರೆ. ಕರೆಂಟು ಹೋದ ದಿನ ಒಲೆಯ ಮೇಲೆ ಪಾತ್ರೆಯಿಡಬೇಕು. ನಿಮ್ಮದು ದೊಡ್ಡ ಸಂಸಾರ, ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಸಾಲು ನಿಲ್ಲುವವರು. ಹೊರಗೆ ಗಾಳಿಯಾಡುವ ಜಾಗವಿದ್ದು ಎಲ್ಲರ ಮೂಗೂ ನೆಟ್ಟಗಿದ್ದರೆ ನಿಮಗೆ ಗ್ಯಾಸೇ ಒಳ್ಳೆಯದು. ನಮ್ಮ ಮನೆಗೆ ಕರೆಂಟೇ ಸರಿ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಜಗಳವಾಡಿಕೊಂಡೇ ಆದರೂ ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ ತಂಗಿ,
ಇಲ್ಲಿಯವರ ಪುಕ್ಕಲಿ

ಮರೆತಿದ್ದೆ: ಸ್ನಾನವಾದ ಮೇಲೆ ಇವರೂ ನಾನೂ ಮಗುವಿನ ನೆತ್ತಿ ಮೂಸುತ್ತೇವೆ, ಅತ್ತೆ ಮಾತ್ರ ಟವೆಲಿನಲ್ಲಿ ಸುತ್ತಿ ಕೈಗೆ ಕೊಟ್ಟುಬಿಡುತ್ತಾರೆ, ಅವರಿಗೆ ಅಕ್ಕರೆ ಕಡಿಮೆ ಎಂದು ಹಿಂದೊಮ್ಮೆ ಬರೆದಿದ್ದೆನಲ್ಲ. ಹೊಸ ಗೀಸರಿನ ನೀರಿನಲ್ಲಿ ಮೊದಲ ಸಲ ಮಗುವಿಗೆ ಎರೆದ ದಿನ ಅವರು ಅವನನ್ನು ನನ್ನ ಕೈಗೆ ಕೊಡಲಿಲ್ಲ. ಬಾಗಿಲು ಹಾಕಿದೆಯೇ ಎಂದು ನೋಡಿ, “ಇವನ ತಲೆ ಹೇಗೆ ವಾಸನೆ ಬರುತ್ತೆ, ಹೇಳೇ” ಎಂದರು. “ಬಿಸಿಲಲ್ಲಿ ಒಣಗಿದ ಬಟ್ಟೆ ಹಾಗೆ” ಎಂದೆ. “ಇವನಪ್ಪಂದೂ ಹಾಗೇ ಇತ್ತು” ಎಂದರು. ಈಗ ದಿನಾ ಕೇಳುತ್ತಾರೆ, “ನಿನ್ನೆ ಹೇಳಿದ್ದೇ ಹೇಳ್ಬೇಡ” ಎನ್ನುತ್ತಾರೆ. ನಿನ್ನ ಮಕ್ಕಳು ಎಳೆಯರಿದ್ದಾಗಿನ ನೆತ್ತಿಯ ವಾಸನೆ ನೆನಪಿದ್ದರೆ ಬೇಗ ಬರೆ ಅಕ್ಕ. ಹಲ್ಲು ಬಂದ ಮೇಲೆ ನನಗೂ ಆ ವಾಸನೆ ಕಡಿಮೆಯಾಗುತ್ತಿದೆ. ಅತ್ತೆಗೆ ಅದನ್ನು ಹೇಳಿಲ್ಲ.