ಹೆಸರಿನ ಉಳಿದರ್ಧ

ಮುಸರ್ರತ್,

ನೀನು ತೀರಿಹೋಗಿ ವರ್ಷವಾಯಿತು. ಇದನ್ನು ಕಳಿಸಲು ವಿಳಾಸವಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಮ್ಮ ಚಿಂತಾಮಣಿ ಅಂಗಡಿಗೆ ಒಬ್ಬಳು ಹುಡುಗಿ ಮದುವೆ ಬಟ್ಟೆ ಹೊಲಿಸಲು ಬಂದಳು. ಅಳತೆ ತೆಗೆಯುವಾಗ ನೋಡಿದೆ, ಎಡ ಭುಜ ಒಂಚೂರು ಇಳಿಜಾರು. ಥೇಟ್ ನಿನ್ನದೇ. ಟೇಪು ಅಲ್ಲೇ ನಿಂತಿತು.

“ಹೆಸರೇನಮ್ಮ?”

“ಶಮಾ.”

“ಹಂಗಂದ್ರೆ?”

“ದೀಪ ಆಂಟಿ, ಜ್ಯೋತಿ. ಅಮ್ಮಿಗೆ ಜ್ಯೋತಿ ಅಂತ ಒಬ್ರು ಫ್ರೆಂಡ್ ಇದ್ರಂತೆ, ಜೊತೇಲಿ ಮಿಷನ್ ತುಳೀತಿದ್ರಂತೆ. ಅವ್ರ ಹೆಸ್ರನ್ನೇ ನಮ್ಮ ಮಾತಲ್ಲಿ ನನಗಿಟ್ರು. ಈ ಊರಲ್ಲೇ ಇದಾರಂತೆ, ನಿಮಗೇನಾದ್ರೂ ಗೊತ್ತಾ?”

ಟೇಪು ಎಳೆದು ಅದೇ ಭುಜವನ್ನು ಇನ್ನೊಮ್ಮೆ ಅಳೆದೆ. ಊರಿಗೆಲ್ಲ ಲಕ್ಷ್ಮಕ್ಕನಾದ ನನ್ನನ್ನು ಜ್ಯೋತಿ ಎನ್ನುತ್ತಿದ್ದವಳು ನೀನೊಬ್ಬಳೇ. ನಾವಿಬ್ಬರೂ ಸೇರಿ ತೆರೆದ ಅಂಗಡಿಗೆ ‘ಲಕ್ಷ್ಮಿ ಲೇಡೀಸ್ ಟೈಲರ್ಸ್’ ಎಂದು ಬೋರ್ಡು ಬರೆಸಿದ ದಿನ ಪೇಂಟರ್ ಕೇಳಿದ್ದ, “ಇನ್ನೊಬ್ರ ಹೆಸರು ಎಲ್ಲಿ ಬರೀಲಕ್ಕಾ?” ಪಕ್ಕದಲ್ಲಿ ಜಾಗವೂ ಇತ್ತು. ನಾನು ನಕ್ಕು ಸುಮ್ಮನಾದೆ. ನೀನು ಒಳಗೆ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದೆ. ತಿಂಗಳೊಳಗೆ ಅಂಗಡಿ ಬಿಟ್ಟು ಶಿಡ್ಲಘಟ್ಟಕ್ಕೆ ಹೋದೆ. ನಿನಗೆ ಮಗಳು ಹುಟ್ಟಿದ್ದು ಅದಾದ ಮೇಲೆ ತಾನೆ?

“ಗೊತ್ತಿಲ್ಲಮ್ಮ,” ಎಂದೆ.

ಬಾಗಿಲ ತನಕ ಹೋಗಿ ತಿರುಗಿ, “ಆಂಟಿ, ನಿಮ್ಮ ಹೆಸರು?” ಎಂದಳು.

ಜ್ಯೋತಿಲಕ್ಷ್ಮಿಯಲ್ಲಿ ಅರ್ಧ ಆಗಲೇ ಅವಳ ಬಳಿ ಇತ್ತು. ಬೋರ್ಡಿನಲ್ಲಿದ್ದ ಅರ್ಧವನ್ನಷ್ಟೇ ಹೇಳಿದೆ.