ಒಡೆದ ಓಟು

ಅಕ್ಕಾ,

ನಿನ್ನ ಓಟು ಒಡೆದವಳು ನಾನೆಂದು ಮಾತು ಬಿಟ್ಟಿದ್ದೀಯ. ಅದಕ್ಕೇ ಈ ಕಾಗದವನ್ನು ನಿನ್ನ ಊಟದ ಡಬ್ಬಿಯ ಕೆಳಗಿಡುತ್ತಿದ್ದೇನೆ.

ನಮ್ಮ ಕಾರ್ಖಾನೆಯ ಬಣ್ಣ ಹಾಕುವ ಕೋಣೆಗೆ ಹೊಗೆ ಎಳೆಯುವ ಫ್ಯಾನ್ ಬೇಕೆಂದೇ ನಾವಿಬ್ಬರೂ ಕಾರ್ಮಿಕರ ಪ್ರತಿನಿಧಿ ಚುನಾವಣೆಗೆ ನಿಂತೆವು. ನಿನಗೆ ಹನ್ನೊಂದು ಓಟು, ನನಗೆ ಹತ್ತು. ಹನ್ನೆರಡು ಪಡೆದ ಮೇಸ್ತ್ರಿಯ ಭಾವಮೈದುನ ಗೆದ್ದುಬಿಟ್ಟ. “ಫ್ಯಾನ್ ಯಾಕ್ರಮ್ಮಾ, ಬಾಗಿಲು ತೆಗ್ದಿಡಿ ಸಾಕು” ಅಂದ. ನಮಗೆ ಓಟು ಹಾಕಿದವರೆಲ್ಲ ಇನ್ನೂ ಕೆಮ್ಮುತ್ತಿದ್ದಾರೆ.

ಮುಂದಿನ ಸಲ ಚೀಟಿಯಲ್ಲಿ ಎರಡನೇ ಆಯ್ಕೆಯನ್ನೂ ಬರೆಸೋಣ. ಎಲ್ಲರಿಗಿಂತ ಕಡಿಮೆ ಓಟು ಬಂದವರನ್ನು ಕೈಬಿಟ್ಟು, ಅವರ ಓಟುಗಳನ್ನು ಆ ಚೀಟಿಗಳಲ್ಲಿರುವ ಎರಡನೇ ಹೆಸರಿಗೆ ಸೇರಿಸಲಿ. ಅರ್ಜಿ ಜೊತೆಗಿದೆ, ಸಹಿ ಹಾಕು. ನನ್ನ ಹತ್ತು ಜನರನ್ನೂ ಕೇಳಿದ್ದೇನೆ, ಅವರ ಎರಡನೇ ಹೆಸರು ನಿನ್ನದೇ.

ಆ ಹತ್ತರಲ್ಲಿ ನನ್ನ ಓಟಿಲ್ಲ. ಅದು ನಿನ್ನ ಹನ್ನೊಂದರಲ್ಲಿದೆ.

ನಿನ್ನ ತಂಗಿ