ಬಲತುದಿಯ ಹನ್ನೆರಡು ಸ್ವರಗಳು

ಭಾನುವಾರ, ಮಾರ್ಚ್ ೮

ಪುಟ್ಟಿಗೆ ಅಕ್ಕನ ಪ್ರೀತಿ.

ನೀನು ಅಂಗಡಿ ಬಿಟ್ಟು ಮೂರು ತಿಂಗಳಾಯಿತು. ನಿನ್ನ ಉಳಿ, ರಂದ, ಅಂಟಿನ ಡಬ್ಬಿ ಇಟ್ಟ ಹಾಗೇ ಇವೆ. ಧೂಳು ಮಾತ್ರ ಒರೆಸುತ್ತೇನೆ. ಬರೆಯಲು ಕೂತರೆ ನಾಚಿಕೆಯಿಂದ ಕೈ ಓಡುವುದಿಲ್ಲ.

ಶಾಲೆಯ ಪಿಯಾನೊ ನೆನಪಿದೆಯಲ್ಲ? ಮರಗೆಲಸ ನಿನ್ನದು, ಶ್ರುತಿ ನನ್ನದು. ಬಲತುದಿಯ, ಅತಿ ಎತ್ತರದ ಹನ್ನೆರಡು ಸ್ವರ ಅಪಸ್ವರವಾಗಿವೆ ಎಂದು ಸಂಗೀತದ ಟೀಚರ್ ಬಂದು ದೂರಿದಾಗ, ‘ತಂತಿಯ ಮೊಳೆ ಹಿಡಿಯೋ ಹಲಗೆ ಸಡಿಲ ಆಗಿರತ್ತೆ, ಇವಳದು ಯಾವಾಗ್ಲೂ ಅವಸರದ ಕೆಲಸ’ ಎಂದು ಅವರೆದುರೇ ಅಂದುಬಿಟ್ಟೆ. ನೀನು ನನ್ನ ಮುಖ ನೋಡಿದೆ, ಕೈ ತೊಳೆದುಕೊಂಡು ಹೊರಟೇಬಿಟ್ಟೆ.

ಮೊನ್ನೆ ಕಿವಿ ಪರೀಕ್ಷೆ ಮಾಡಿಸಿದೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಇನ್ನೂ ಶುರುವಾಗಿಲ್ಲ ಅಂದುಕೊಂಡು ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ಅರ್ಧ ಮುಗಿದಿತ್ತಂತೆ!

ಮುಟ್ಟು ನಿಂತ ಮೇಲೆ ಹಾರ್ಮೋನು ಇಳಿಯುತ್ತದೆ, ಜೊತೆಗೆ ಕಿವಿಯೂ ಮಂದವಾಗಬಹುದು, ಎತ್ತರದ ಸ್ವರಗಳೇ ಮೊದಲು ಕೇಳಿಸದಾಗುತ್ತವೆ ಎಂದರು ಡಾಕ್ಟರಮ್ಮ. ಮೈಯೆಲ್ಲ ಧಗಧಗ ಅನ್ನುತ್ತದೆಂದು ನಾನು ನಿನ್ನ ಕಣ್ಣು ತಪ್ಪಿಸಿ ಹಾರ್ಮೋನ್ ಮಾತ್ರೆ ನುಂಗುತ್ತಿದ್ದೆ. ತಪ್ಪನ್ನು ಅದರ ತಲೆಗೆ ಕಟ್ಟಲು ನೋಡಿದೆ. ಅವರು ಒಪ್ಪಲಿಲ್ಲ. ಅದು ಕಿವಿಗೆ ಒಳ್ಳೆಯದು ಎನ್ನುವ ಅಧ್ಯಯನವೂ ಇದೆಯಂತೆ, ಕೆಲವು ಬಗೆಯದು ಕೆಡುಕು ಎನ್ನುವುದೂ ಇದೆಯಂತೆ. ವಯಸ್ಸಾಗಿದೆ, ಮೂವತ್ತು ವರ್ಷ ತಂತಿಗಳ ಸದ್ದಿನಲ್ಲೇ ಕಳೆದಿದ್ದೀರಿ, ಯಾವುದರಿಂದ ಎಂದು ಹೇಳಲಾಗದು, ನೀವಾಗಿಯೇ ಮಾತ್ರೆ ಬಿಡಬೇಡಿ ಎಂದರು. ನಿನ್ನ ಮೇಲೆ ಹೊರಿಸಿದಷ್ಟು ಸಲೀಸಾಗಿ ಬೇರೆ ಯಾವುದರ ಮೇಲೂ ಹೊರಿಸಲಾಗಲಿಲ್ಲ, ಪುಟ್ಟಿ.

ಈಗ ಕಿವಿಗೆ ಯಂತ್ರ ಬಂದಿದೆ. ನಿನ್ನೆ ಶಾಲೆಗೆ ಹೋಗಿ ಮೊಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಒಂದೂ ಸಡಿಲವಿಲ್ಲ. ಹಲಗೆ ಕಲ್ಲಿನ ಹಾಗಿದೆ. ಅವಳ ಕೆಲಸ ಸರಿಯಾಗಿತ್ತು, ಕೆಟ್ಟದ್ದು ನನ್ನ ಕಿವಿ ಎಂದು ಟೀಚರಿಗೆ ಹೇಳಿದೆ. ಹೇಳುವಾಗ ತಲೆ ಎತ್ತಲಾಗಲಿಲ್ಲ. ಶ್ರುತಿಗೆ ಬೇರೆಯವರನ್ನು ಕರೆಯಿರಿ ಎಂದೂ ಹೇಳಿ ಬಂದೆ.

ಬಾ ಎನ್ನಲು ನನಗೆ ಮುಖವಿಲ್ಲ. ಅಂಗಡಿಯ ಇನ್ನೊಂದು ಬೀಗದ ಕೈಯನ್ನು ಇದರೊಳಗೆ ಇಟ್ಟಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಪರೀಕ್ಷೆಯ ಚೀಟಿಯೂ ಇದೆ. ‘ಮೊನ್ನೆ’ ಎಂದು ಬರೆದದ್ದು ಸುಳ್ಳು. ತಾರೀಖು ನೋಡು. ಟೀಚರ್ ದೂರು ತಂದ ದಿನ ಆ ಚೀಟಿ ನನ್ನ ಜೇಬಿನಲ್ಲೇ ಇತ್ತು.